ಎದುರುಮನೆ ಅಕ್ಕ ಮಾಡಿದ ಪಾಠ

ಮೊನ್ನೆ ಅಕ್ಕಿಪೇಟೆಯ ಗುಜರಿ ಅಂಗಡಿಯ ಮುಂದೆ ಹಿತ್ತಾಳೆಯ ಪಂಪ್ ಸ್ಟೌ ಕಂಡಿತು. ಬಗ್ಗಿ ನೋಡಿದರೆ ಇನ್ನೂ ಸೀಮೆಎಣ್ಣೆಯ ವಾಸನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಚಾಮರಾಜಪೇಟೆಯ ನಮ್ಮ ಎದುರುಮನೆಯಲ್ಲಿದ್ದ ಅಕ್ಕ ನೆನಪಾದರು. ಅಂಥದ್ದೇ ಸ್ಟೌ ಸಿಡಿದು ಅವರ ಮುಖದ ಎಡಭಾಗ, ಕತ್ತು ಸುಟ್ಟಿದ್ದವು.

ಗಾಯ ಮಾಯುವಾಗ ಚರ್ಮ ಬಿಗಿದು ಗದ್ದವನ್ನು ಎದೆಗೆ ಎಳೆದುಕೊಂಡಿತ್ತು. ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ಬಿಡಿಸಿದ್ದರು. ಆಮೇಲೆ ತಪ್ಪದೆ ಡ್ರೆಸ್ಸಿಂಗ್, ಕತ್ತಿನ ವ್ಯಾಯಾಮ ಆಗಬೇಕು. ಇಲ್ಲದಿದ್ದರೆ ಮತ್ತೆ ಬಿಗಿದುಕೊಳ್ಳುತ್ತದೆ. ಅಕ್ಕ ಹೋಗುವುದನ್ನೇ ನಿಲ್ಲಿಸಿದರು. ನಾನು ಅದೇ ಆಸ್ಪತ್ರೆಯಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪಾಠ ಮಾಡುತ್ತಿದ್ದವಳು. ತಪ್ಪಿಸಿಕೊಳ್ಳುವವರನ್ನು ಕಂಡರೆ ನನಗಾಗದು. ಬೆಳಿಗ್ಗೆಯೇ ಹೋಗಿ ಕೇಳಿದೆ.

"ನಿಮ್ ಹುಡುಗೀರು ಬ್ಯಾಂಡೇಜ್ ಬಿಚ್ತಾರೆ, 'ಅಯ್ಯೋ ಪಾಪ' ಅಂತಾರೆ, ಗೋಡೆ ನೋಡ್ತಾರೆ. ಗೋಡೆಗೇ ಡ್ರೆಸ್ಸಿಂಗ್ ಮಾಡ್ಲಿ ಬಿಡಿ," ಎಂದರು.

"ಕತ್ತು ಮತ್ತೆ ಬಿಗ್ಕೊಂಡ್ಬಿಡತ್ತೆ ಅಕ್ಕಾ."

"ಬರ್ತೀನಿ. ಮೊದ್ಲು ನಿಮ್ ಕ್ಲಾಸಿಗೆ. ಆದ್ರೆ ಬೊಂಬೆ ಥರ ಕೂರಲ್ಲ, ಮಾತಾಡ್ತೀನಿ."

ರೋಗಿಯನ್ನು ನಿಲ್ಲಿಸಿ ತೋರಿಸುವುದಷ್ಟೇ ನಮ್ಮಲ್ಲಿದ್ದ ಪದ್ಧತಿ. ರೋಗಿಯೇ ಪಾಠ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಆದರೂ ಒಪ್ಪಿದೆ.

ಮರುದಿನ ಅಕ್ಕ ಕತ್ತಿನ ಮೇಲಿನ ಸೆರಗು ಸರಿಸಿ ಹುಡುಗಿಯರೆದುರು ಕುಳಿತರು. ಮುಂದಿನ ಸಾಲಿನವಳೊಬ್ಬಳು ಅಭ್ಯಾಸಬಲದಿಂದ "ಅಯ್ಯೋ, ಪಾಪ..." ಎಂದಳು.

"ಪಾಪ ನಾನ್ ಮಾಡಿಲ್ಲಮ್ಮ, ಸ್ಟೌ ಮಾಡಿದ್ದು. ಅದ್ನ ಬಿಟ್ಟು ಬೇರೆ ಏನಾದ್ರೂ ಕೇಳು."

ಆ ಹುಡುಗಿಯ ಕಣ್ಣು ಕಿಟಕಿಗೆ ಹೋಯಿತು, ಮತ್ತೆ ಅಕ್ಕನ ಮುಖಕ್ಕೆ ಬಂತು.

"ಎಲ್ಲಿ... ಎಲ್ಲಿ ಹಿಡ್ಕೊಳ್ಳತ್ತೆ ಅಕ್ಕಾ?"

"ಹಾಂ, ಇದು ಪ್ರಶ್ನೆ. ಕೈ ತೊಳ್ಕೊಂಡು ಬಂದು ಮುಟ್ಟಿ ನೋಡು, ಇಲ್ದಿದ್ರೆ ನಿಮ್ ಮೇಡಂ ಬೈತಾರೆ. ಹೆದರ್ಬೇಡ, ಸುಡಲ್ಲ. ಆರಿದೆ."

ತರಗತಿಯಲ್ಲಿ ನಗುವವಳಲ್ಲ ನಾನು. ಅಂದು ನಕ್ಕೆ.

ಆಮೇಲೆ ಅದೇ ಹುಡುಗಿ ಡ್ರೆಸ್ಸಿಂಗ್ ಮಾಡಿದಳು, ಮುಖ ನೋಡಿಕೊಂಡೇ. ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಹೊಸ ಹುಡುಗಿಯರು ಸೇರಿದಾಗಲೆಲ್ಲ ಬಂದು ಪಾಠ ಮಾಡಿದರು. ಒಮ್ಮೆ ಹಿರಿಯ ಡಾಕ್ಟರೊಬ್ಬರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಮುಂದಿನ ಸಲ ತಮ್ಮ ವಿದ್ಯಾರ್ಥಿಗಳನ್ನೂ ಕಳಿಸಿದರು.

ಕತ್ತು ಪೂರ್ತಿ ಸಡಿಲವಾಗಲಿಲ್ಲ. ಆದರೆ ಬೀದಿಯಲ್ಲಿ ಯಾರಾದರೂ ಕರೆದರೆ ಇಡೀ ಮೈ ತಿರುಗಿಸಬೇಕಾಗಿದ್ದವರು, ಬರೀ ಕತ್ತು ತಿರುಗಿಸಿ "ಏನ್ರೀ?" ಎನ್ನುವಂತಾದರು. ಅದನ್ನು ನೋಡಲೆಂದೇ ನಾನು ಎಷ್ಟೋ ಸಲ ಸುಮ್ಮನೆ ಕರೆದದ್ದುಂಟು...

ಅಕ್ಕ ತೀರಿಕೊಂಡು ವರ್ಷಗಳಾದವು. ಆ ಮನೆಯ ಜಾಗದಲ್ಲಿ ಮೂರಂತಸ್ತು ಎದ್ದಿದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಬಾಯಿಗೆ "ಅಕ್ಕಾ" ಎಂದು ಬಂದೇ ಬರುತ್ತದೆ. ತಿರುಗಿ ನೋಡುವವರಿಲ್ಲ.