ವಿನ್ಸಮ್ ಪ್ಯಾಸ್ಕೊಳ ಭಾನುವಾರದ ಊಟ

ವಿನ್ಸಮ್ ಪ್ಯಾಸ್ಕೊ ಆಸ್ಟ್ರೇಲಿಯದ ಪೋರ್ಟ್ ಪಿರಿ ಊರಿನಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸಿ, ಮದುವೆಯ ಗೋಜಿಗೇ ಹೋಗದೆ, ನಿವೃತ್ತಿಯಾದ ಮೇಲೆ ಅಡಿಲೇಡಿನ ಸೆಮಫೋರ್ ಕಡಲ ದಂಡೆಯಲ್ಲಿ ಮನೆ ಮಾಡಿಕೊಂಡವಳು. ಎಂಬತ್ತು ದಾಟಿದರೂ ಬೆಳಗಾದರೆ ಸಮುದ್ರಕ್ಕಿಳಿಯುತ್ತಿದ್ದಳು. ನೀರು ತಣ್ಣಗಿದೆಯೆಂದು ದಡದಲ್ಲೇ ನಿಂತವರನ್ನು ಮನಸ್ಸಿನಲ್ಲೇ ಫೇಲು ಮಾಡುತ್ತಿದ್ದಳು.

ತನ್ನ ಕಾಲಾನಂತರ ಆ ಮನೆ, ಓದುವಾಗ ತಾನಿದ್ದ ಬ್ರೇಸ್‌ವೆಲ್ ಕಾಲೇಜಿಗೆ ಸೇರಲಿ ಎಂದು ತೀರ್ಮಾನಿಸಿದಾಗ ಮೊದಲು ಹೇಳಿದ್ದು ಊನಾಗೆ. ಬರೋಸಾದ ದ್ರಾಕ್ಷಿತೋಟದವಳಾದ ಊನಾ ಹೈನ್ರಿಕ್ ಆ ಹೆಣ್ಣುಮಕ್ಕಳ ವಸತಿ ಕಾಲೇಜಿನಲ್ಲಿ ಅವಳ ಕೋಣೆಯ ಜೊತೆಗಾತಿ. ಆಗೆಲ್ಲ ಭಾನುವಾರ ಸಂಜೆ ಅಡುಗೆಮನೆಗೆ ಬೀಗ. ಪಟ್ಟಣದ ಹುಡುಗಿಯರು ಮನೆಗೆ ಹೋಗಿ ಉಂಡು ಬರುತ್ತಿದ್ದರು. ದೂರದಿಂದ ಬಂದವರು ಹೀಟರಿನ ಮುಂದೆ ಬ್ರೆಡ್ ಸುಟ್ಟುಕೊಂಡು, ಊನಾಳ ಅಮ್ಮ ಕಳಿಸಿದ ಸಾಸೇಜನ್ನು ಹಂಚಿಕೊಳ್ಳುತ್ತಿದ್ದರು.

"ಉಯಿಲಲ್ಲಿ ಭಾನುವಾರ ರಾತ್ರಿ ಊಟಕ್ಕೆ ಅಂತಲೇ ಬರೀತೀನಿ ಕಣೇ," ಎಂದಳು ವಿನ್ಸಮ್.

"ಆ ಮನೆ ಮಾರಿದ್ರೆ ಸೂಪಿನ ಕಾರ್ಖಾನೆನೇ ಇಡಬಹುದು," ಎಂದಳು ಊನಾ.

ದಾನಿಗಳನ್ನು ನೋಡಿಕೊಳ್ಳುವ ಎಲೆನಿ ಎಂಬ ಹುಡುಗಿ ಕಾಲೇಜಿನಿಂದ ಕೇಕು ಹಿಡಿದು ಬಂದಳು. ನಾಯಕತ್ವ ತರಬೇತಿ ಕೇಂದ್ರ ಕಟ್ಟಿಸಿ ಗೋಡೆಯ ಮೇಲೆ ಹೆಸರು ಕೆತ್ತಿಸುವ ಯೋಜನೆ ಅವಳದು. ಊಟದ ಮಾತೆತ್ತಿದಾಗ, ಭಾನುವಾರ ಈಗಲೂ ಅಡುಗೆಯಿಲ್ಲ, ಆದರೆ ಹುಡುಗಿಯರು ಫೋನಿನಲ್ಲೇ ತರಿಸಿಕೊಳ್ಳುತ್ತಾರೆ, ಯಾರೂ ಉಪವಾಸವಿರುವುದಿಲ್ಲ ಎಂದು ನಯವಾಗಿ ಹೇಳಿದಳು.

ವಿನ್ಸಮ್‌ಗೆ ನಂಬಿಕೆ ಬರಲಿಲ್ಲ. ಮುಂದಿನ ಭಾನುವಾರ ಊನಾಳನ್ನು ಹೊರಡಿಸಿಕೊಂಡು ಕಾಲೇಜಿಗೆ ಬಸ್ಸು ಹತ್ತಿದಳು. ಎಲೆನಿ ಹೇಳಿದ್ದು ನಿಜವೇ. ಓಣಿಯುದ್ದಕ್ಕೂ ಬಾಗಿಲುಗಳ ಮುಂದೆ ಊಟದ ಚೀಲಗಳಿದ್ದವು. ಆದರೆ ಬಾಗಿಲುಗಳೆಲ್ಲ ಮುಚ್ಚಿದ್ದವು. ಮೆಟ್ಟಿಲ ಮೇಲೆ ಕೂಬರ್ ಪೀಡಿ ಎಂಬ ದೂರದೂರಿನ ಒಬ್ಬ ಹುಡುಗಿ ಒಂಟಿಯಾಗಿ ಡಬ್ಬಿಯಿಂದ ನೂಡಲ್ಸ್ ತಿನ್ನುತ್ತಿದ್ದಳು. ಜೊತೆಗೆ ಯಾರೂ ಇಲ್ಲವೇ ಎಂದು ವಿನ್ಸಮ್ ಕೇಳಿದಳು.

"ಯಾರ ಬಾಗಿಲು ತಟ್ಟೋದು ಅಂತ ಗೊತ್ತಾಗಲ್ಲ," ಎಂದಳು ಹುಡುಗಿ.

ಮರುದಿನ ವಿನ್ಸಮ್ ಈಜಿಗೂ ಹೋಗದೆ ಎಲೆನಿಗೆ ಫೋನು ಮಾಡಿದಳು.

"ಸತ್ತ ಮೇಲೆ ಕೊಡೋದನ್ನ ಕೊಡ್ತೀನಮ್ಮಾ. ಆದ್ರೆ ಊಟ ಈಗಲೇ ಶುರುವಾಗಲಿ. ಹೆಣವಾದ ಮೇಲೆ ನನ್ನನ್ನ ಯಾರು ಊಟಕ್ಕೆ ಕರೀತಾರೆ?"

ಎಲೆನಿ ನಕ್ಕಳು. ನಕ್ಕವಳು ಸುಮ್ಮನಿರದೆ ಪ್ರಿನ್ಸಿಪಾಲರನ್ನು ಒಪ್ಪಿಸಿ ಅಡುಗೆಮನೆಯ ಬೀಗ ತೆಗೆಸಿದಳು. ಊನಾ ತನ್ನ ಅಜ್ಜಿಯ ಕಾಲದ ಉದ್ದನೆಯ ಮೇಜನ್ನು ಕಾಲೇಜಿಗೆ ಬರೆದಿಡುವವಳಿದ್ದಳು. ಹೇಗೂ ಸೊಸೆಯರ ಮನೆಬಾಗಿಲಲ್ಲಿ ಅದು ತೂರುವುದಿಲ್ಲವೆಂದು ಆಗಲೇ ಕಳಿಸಿಬಿಟ್ಟಳು.

ಮೊದಲ ಭಾನುವಾರ ಬಟಾಣಿ ಸೂಪು ಕುದಿದು ಕುದಿದು ಗಟ್ಟಿಯಾಯಿತು. ಬಂದಿದ್ದು ಕೂಬರ್ ಪೀಡಿಯ ಹುಡುಗಿ ಮಾತ್ರ. ವಿನ್ಸಮ್ ಸೌಟು ಹಿಡಿದೇ ಓಣಿಗೆ ಹೋಗಿ ಒಂದೊಂದೇ ಬಾಗಿಲು ತಟ್ಟಿದಳು. "ಸೂಪು ಆರ್ತಾ ಇದೆ. ಪರೀಕ್ಷೆ ಇದ್ರೂ ಹೊಟ್ಟೆ ಇದೆ ತಾನೇ?" ಹೆದರಿಯೋ ಕುತೂಹಲಕ್ಕೋ, ಹುಡುಗಿಯರು ಬಂದರು. ಬಂದವರು ಬೇಗ ಏಳಲಿಲ್ಲ.

ಬರಬರುತ್ತ ಅಡುಗೆಯನ್ನು ಅವರೇ ಸರದಿಯಲ್ಲಿ ವಹಿಸಿಕೊಂಡರು. ಫಿಜಿಯಿಂದ ಬಂದವಳೊಬ್ಬಳು ತೆಂಗಿನಹಾಲಿನ ಮೀನು ಮಾಡಿದ ದಿನ ವಿನ್ಸಮ್‌ಳ ಸೂಪನ್ನು ಯಾರೂ ಮುಟ್ಟಲಿಲ್ಲ. ಅವಳ ಮುಖ ಸ್ವಲ್ಪ ಗಂಟಾಯಿತು, ಆಮೇಲೆ ಎರಡು ಸಲ ಮೀನು ಹಾಕಿಸಿಕೊಂಡಳು.

ಕೆಲವು ವರ್ಷಗಳ ನಂತರ ಒಂದು ಚಳಿಗಾಲದಲ್ಲಿ, ಈಜಿ ಬಂದು ಕುರ್ಚಿಯಲ್ಲಿ ಕೂತ ವಿನ್ಸಮ್ ಹಾಗೇ ಹೋಗಿಬಿಟ್ಟಳು. ಮನೆ ಮಾರಾಟವಾಗಿ ಆ ಹಣ ಭಾನುವಾರದ ಊಟಕ್ಕೆ ನೆಲೆಯಾಯಿತು. ಊನಾ ಈಗಲೂ ಟ್ಯಾಕ್ಸಿ ಮಾಡಿಕೊಂಡು ಆ ಊಟಕ್ಕೆ ಹೋಗುತ್ತಾಳೆ. ಮೊನ್ನೆ ಹೊಸಬಳೊಬ್ಬಳು ತಟ್ಟೆ ಹಿಡಿದು ನಿಂತು, ಊಟಕ್ಕೆ ಹೆಸರಾಗಿರುವ ಈ ವಿನ್ಸಮ್ ಪ್ಯಾಸ್ಕೊ ಅಂದರೆ ಯಾರು ಎಂದು ಕೇಳಿದಳು.

"ಅವಳ ಕೈಯಡುಗೆಯಲ್ಲಿ ಉಪ್ಪೇ ಇರ್ತಿರಲಿಲ್ಲ," ಎಂದು ಊನಾ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. "ಕೂತ್ಕೋ, ಹೇಳ್ತೀನಿ."