ಅಜ್ಜಿಗೆ ಮಾತ್ರ ಜುಮ್ಮೆನ್ನುತ್ತಿದ್ದ ಒಲೆ

ಮೂರು ವರ್ಷದ ಹಿಂದಿನ ಬೇಸಿಗೆ. ನಾನು ರಾಣೆಬೆನ್ನೂರಿನಲ್ಲಿದ್ದುಕೊಂಡು ಸುತ್ತಲಿನ ಊರುಗಳಲ್ಲಿ ಮನೆ ವೈರಿಂಗ್ ಮಾಡುತ್ತಿದ್ದೆ. ಲೈಸೆನ್ಸ್ ಪಡೆದು ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು.

ಬ್ಯಾಡಗಿಯ ಗಿರಿಜಕ್ಕ ಮನೆಯಲ್ಲೇ ಕೇಕು, ಬಿಸ್ಕತ್ತು ಮಾಡಿ ಮಾರುವವರು. ಎಲೆಕ್ಟ್ರಿಕ್ ರೇಂಜ್ ತರಿಸಿದ್ದರು: ಮೇಲೆ ನಾಲ್ಕು ಒಲೆ, ಕೆಳಗೆ ಓವನ್, ಎಲ್ಲ ಒಂದೇ ಉಕ್ಕಿನ ಪೆಟ್ಟಿಗೆ. ಇದನ್ನು ಮಿಕ್ಸರಿನ ಹಾಗೆ ಗೋಡೆಯ ಪ್ಲಗ್ಗಿಗೆ ಚುಚ್ಚಲಾಗದು. ಮೀಟರ್ ಬೋರ್ಡಿನಿಂದ ಆರು ಸ್ಕ್ವೇರ್ ಎಂಎಂ ಕೇಬಲ್ ಬೇರೆಯೇ ಎಳೆದು, ಲೋಡು ಮೀರಿದರೆ ಬೀಳುವ ಮೂವತ್ತೆರಡು ಆಂಪಿಯರಿನ ಎಂಸಿಬಿ ಸ್ವಿಚ್ಚು ಕೂರಿಸಿದೆ. ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಆರ್‌ಸಿಸಿಬಿ ಅಂಗಡಿಯಲ್ಲಿ ಸಿಗಲಿಲ್ಲ. ಎರಡು ದಿನ ಬಿಟ್ಟು ಹಾಕುತ್ತೇನೆಂದೆ. ಸೋರಿದ ಕರೆಂಟನ್ನು ಮಣ್ಣಿಗೆ ಒಯ್ಯುವ ಅರ್ಥಿಂಗ್ ತಂತಿಯನ್ನು ಮನೆಯ ಹಳೆಯ ಅರ್ಥಿಂಗಿಗೇ ಸೇರಿಸಿದೆ.

ಅಷ್ಟರಲ್ಲಿ ಅಡಿಗೆಮನೆ ಒರೆಸಿದ್ದರು. ಗಿರಿಜಕ್ಕನ ಅತ್ತೆ ಬಸಮ್ಮಜ್ಜಿ, ಹಸಿ ನೆಲದ ಮೇಲೆ ನಿಲ್ಲಬೇಡಿರೆಂದು ಕಾಲಡಿಗೆ ಮಣೆ ಕೊಟ್ಟರು. ಅದರ ಮೇಲೆ ನಿಂತೇ ರೇಂಜ್ ಹಚ್ಚಿ, ಹಿಂಗೈಯಿಂದ ಅದರ ಮೈ ಸವರಿದೆ. ಏನೂ ಇಲ್ಲ. ಚಹಾ ಕುಡಿದು ಹೊರಟೆ.

ಮರುದಿನ ಬೆಳಿಗ್ಗೆ ಗಿರಿಜಕ್ಕನ ಫೋನು. “ಅಣ್ಣಾರ, ಒಲಿ ಮುಟ್ಟಿದ್ರ ನಮ್ಮ ಅತ್ತಿಗೆ ಜುಮ್ ಅಂತೈತಂತ. ನನಗೇನೂ ಆಗಿಲ್ರಿ. ಹೊಸಾದೇನ ತಂದ್ರೂ ಅವರದೊಂದು ಇದ್ದದ್ದ.”

ನಾನೂ ನಕ್ಕು, ಅಂಜಿಕೆ ಇರಬೇಕು, ಎರಡು ದಿನಕ್ಕೆ ಬರುತ್ತೇನಲ್ಲ ಎಂದುಬಿಟ್ಟೆ.

ಆಮೇಲೆ ಇನ್ನೊಂದು ಮನೆಯಲ್ಲಿ ಬೋರ್ಡ್ ಬಿಚ್ಚುವ ಮುಂಚೆ, ಶಾಕ್ ಹೊಡೆಯದಿರಲೆಂದು ರೂಢಿಯಂತೆ ಕಾಲಡಿಗೆ ಮರದ ಹಲಗೆ ಎಳೆದುಕೊಂಡೆ. ಕೈ ಅಲ್ಲೇ ನಿಂತಿತು. ನಿನ್ನೆ ನಾನಿದ್ದದ್ದು ಮಣೆಯ ಮೇಲೆ. ಗಿರಿಜಕ್ಕ ಹಿಮ್ಮಡಿ ನೋವಿಗೆಂದು ಮನೆಯೊಳಗೂ ರಬ್ಬರ್ ಚಪ್ಪಲಿ ಹಾಕುವವರು. ಬರಿಗಾಲಲ್ಲಿ ನೆಲ ಮುಟ್ಟಿದವರು ಅಜ್ಜಿ ಒಬ್ಬರೇ. ಅವರು ದಿನಾ ಸ್ನಾನ ಮಾಡಿ, ಒದ್ದೆ ಕಾಲಲ್ಲೇ ಒಲೆಗೆ ಕುಂಕುಮ ಹಚ್ಚುವವರು.

ಮೂರು ಸಲ ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ಬೈಕು ಹತ್ತಿದೆ. ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದು ಒಂದೇ: ಅಜ್ಜಿಯ ಸ್ನಾನ ಆಗಿರಬಹುದೋ, ಇಲ್ಲವೋ.

ಗಿರಿಜಕ್ಕ ಪಡಸಾಲೆಯಲ್ಲಿ ಮೈದಾ ಸಾಣಿಸುತ್ತಿದ್ದರು. ಫೋನು ಒಳಗೆ ಚಾರ್ಜಿಗಿತ್ತು. ಅತ್ತೆ ಎಲ್ಲಿ ಎಂದರೆ ಅಡಿಗೆಮನೆ ಕಡೆ ಕೈ ತೋರಿಸಿದರು. ಮೊದಲು ಎಂಸಿಬಿ ಇಳಿಸಿ, ಆಮೇಲೆ ಓಡಿದೆ.

ಅಜ್ಜಿ ಹೊಸ್ತಿಲಿಗೆ ಅಡ್ಡ ಕುಳಿತು ಬಳ್ಳೊಳ್ಳಿ ಸುಲಿಯುತ್ತಿದ್ದರು. ಸ್ನಾನ ಆಗಿತ್ತು, ಸೀರೆಯ ಅಂಚು ಒದ್ದೆಯಿತ್ತು.

“ನಾ ಒಳಗ ಹೋಗಿಲ್ಲ, ಯಾರನ್ನೂ ಬಿಟ್ಟೂ ಇಲ್ಲ. ಮುದುಕಿಗೆ ಅಂಜಿಕಿ ಅಂದ್ರಂತಲ್ಲ? ಬರಿಗಾಲಿಲೆ ನೀವ ಮುಟ್ಟಿ ನೋಡ್ರಿ.”

ಎಲ್ಲರನ್ನೂ ಹೊರಗೆ ನಿಲ್ಲಿಸಿ, ಮತ್ತೆ ಲೈನು ಕೊಟ್ಟು ವೋಲ್ಟ್ ಮೀಟರ್ ಹಿಡಿದೆ. ರೇಂಜಿನ ಮೈಮೇಲೆ ನೂರಾ ಹತ್ತು ವೋಲ್ಟ್: ಒಳಗೆ ಸೋರಿದ ಕರೆಂಟಿಗೆ ಮಣ್ಣಿಗಿಳಿಯುವ ದಾರಿಯೇ ಇರಲಿಲ್ಲ. ಹಿಂದಿನ ದೀಪಾವಳಿಗೆ ಹಿತ್ತಲಿಗೆ ಫರಸಿ ಕಲ್ಲು ಹಾಕಿಸುವಾಗ ಗೌಂಡಿ ಅರ್ಥಿಂಗ್ ತಂತಿ ಕಡಿದು ಮುಚ್ಚಿದ್ದ. ಅದು ನೆಲ ಮುಟ್ಟುತ್ತದೋ ಇಲ್ಲವೋ ಎಂದು ನಾನು ಅಳೆದಿರಲೇ ಇಲ್ಲ. ಹೊಸ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ, ಹಾವೇರಿಯಿಂದ ಆರ್‌ಸಿಸಿಬಿ ತರಿಸಿ ಕೂರಿಸುವವರೆಗೆ ರೇಂಜ್ ಹಚ್ಚಗೊಡಲಿಲ್ಲ.

ಈಗ ಕೈಯಿಂದ ಮುಟ್ಟಿ ನೋಡುವ ಚಟ ಬಿಟ್ಟಿದ್ದೇನೆ. ಯಾರಾದರೂ ಫೋನಿನಲ್ಲಿ ಜುಮ್ ಅಂತೈತಿ ಅಂದರೆ, ಮೊದಲು ಮೇನ್ ಬಂದ್ ಮಾಡ್ರಿ ಅನ್ನುತ್ತೇನೆ. ಹೇಳಿದವರು ಯಾರು, ಅವರಿಗೆ ವಯಸ್ಸೆಷ್ಟು ಎಂದು ಕೇಳುವುದಿಲ್ಲ.