ಫೋಟೊದಲ್ಲಿ ಕಾಲಷ್ಟೇ ಇರುವ ಆಟಗಾರ

ಬೆಳಗಿನ ಐದೂವರೆ. ಮೈದಾನದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೂವತ್ನಾಲ್ಕರ ಆಟಗಾರರೊಬ್ಬರು ಬಿಳಿ ಗೆರೆಯ ಮಗ್ಗುಲಲ್ಲೇ ದಡಬಡ ಓಡಿ, ಮೂಲೆಯ ಬಾವುಟದ ಹತ್ತಿರ ಗಕ್ಕನೆ ನಿಂತು, ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಹೊಡೆಯುತ್ತಾರೆ. ಅಲ್ಲಿ ತಲೆ ಕೊಡಲು ಯಾರೂ ಇಲ್ಲ. ಚೆಂಡು ಆಚೆ ಉರುಳುತ್ತದೆ. ಅವರೇ ಹೋಗಿ ತರುತ್ತಾರೆ. ದಿನಕ್ಕೆ ಅರವತ್ತು ಸಲ ಇದೇ ಕಥೆ.

ಇವರು ಎರಡನೇ ದರ್ಜೆಯ ಫುಟ್‌ಬಾಲ್ ತಂಡವೊಂದರ ವಿಂಗರ್. ಅಂದರೆ ಅಂಚಿನಲ್ಲಿ ಓಡಿ, ನಡುವೆ ನಿಂತವನ ತಲೆಗೆ ಚೆಂಡು ತಲುಪಿಸುವವರು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಂತೆ, ಗೋಲು ಮಾತ್ರ ಆ ತಲೆಯ ಲೆಕ್ಕಕ್ಕೆ. ಹದಿನಾಲ್ಕು ವರ್ಷ, ನಾನೂರ ಹನ್ನೊಂದು ಪಂದ್ಯ, ಇವರದು ಒಂಬತ್ತೇ ಗೋಲು. "ಅದ್ರಲ್ಲೂ ಎರಡು ನಮ್ಮ ಗೋಲಿಗೇ ಹೊಡ್ಕೊಂಡಿದ್ದು ಸಾರ್. ಸುಳ್ಳು ಯಾಕೆ ಹೇಳ್ಲಿ?"

ಅಂಚು ಅವರ ಮೈಗೆ ಹತ್ತಿಬಿಟ್ಟಿದೆ. "ಮದುವೆ ಫೋಟೊದಲ್ಲೂ ತುದಿಗೆ ಸರಿದಿದ್ರು," ಎಂದು ಹೆಂಡತಿ ನಗುತ್ತಾರೆ. "ನನ್ನ ಪಕ್ಕದಲ್ಲಿ ಇವರ ಚಿಕ್ಕಪ್ಪ ನಿಂತಿದ್ದಾರೆ. ನೋಡಿದವರೆಲ್ಲ ಗಾಬರಿ ಬೀಳ್ತಾರೆ!"

ಪತ್ರಿಕೆಯಲ್ಲಿ ಬಂದ ತಂಡದ ಫೋಟೊಗಳನ್ನೆಲ್ಲ ಆಕೆ ಒಂದು ಫೈಲಿನಲ್ಲಿ ಅಂಟಿಸಿಟ್ಟಿದ್ದಾರೆ. ಪ್ರತಿ ಚಿತ್ರದ ನಡುವೆ ಗೋಲು ಹೊಡೆದವನ ಹಲ್ಲು, ತುದಿಯಲ್ಲಿ ಮೊಣಕಾಲಿನಿಂದ ಕೆಳಗೆ ಇವರು. "ಎಡಗಾಲಿಗೆ ಬಿಳಿ ಲೇಸು, ಬಲಗಾಲಿಗೆ ನೀಲಿ. ಅಷ್ಟು ಗುರುತಿಲ್ದಿದ್ರೆ ಯಾರ ಕಾಲೋ ಅಂತ ನಾನೂ ಬಿಟ್ಬಿಡ್ತಿದ್ದೆ."

ಕಳೆದ ವಾರ ಶಾಲೆಗೆ ಅಪ್ಪ ಕೆಲಸ ಮಾಡುತ್ತಿರುವ ಫೋಟೊ ತರಲು ಹೇಳಿದ್ದರು. ಏಳು ವರ್ಷದ ಮಗಳು ಆ ಕಾಲನ್ನೇ ಒಯ್ದಳು. ಟೀಚರ್ ಪ್ರೀತಿಯಿಂದಲೇ ಕೇಳಿದರಂತೆ, "ಅಪ್ಪಂದು ಬೂಟಿನ ಅಂಗಡಿನಾ ಪುಟ್ಟಾ?" ತರಗತಿಯೆಲ್ಲ ಗೊಳ್ಳೆಂದು ನಕ್ಕಿತು. ಮಗಳು ಮನೆಗೆ ಬಂದು, "ಅಪ್ಪಾ, ನೀನು ನಿಜವಾಗ್ಲೂ ಆಡ್ತೀಯಾ?" ಎಂದಳು.

ಇದನ್ನು ಹೇಳುವಾಗ ಅಪ್ಪ ನಗುತ್ತಾರೆ, ಆದರೆ ನಗು ಅರ್ಧಕ್ಕೇ ನಿಲ್ಲುತ್ತದೆ. "ಎರಡು ಸಲ ಮಂಡಿ ಆಪರೇಷನ್ ಆಗಿದೆ ಸಾರ್. ಆಗ್ಲೂ ಇಷ್ಟು ನೋವಾಗಿರ್ಲಿಲ್ಲ."

ಈ ಸೀಸನ್ ಮುಗಿದರೆ ಕ್ಲಬ್ ಇವರನ್ನು ಬಿಡುವುದು ಖಂಡಿತ. ಮಗಳಿಗೆ ಟೀಚರ್ ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ಬರುವ ಸೋಮವಾರ ಬೇರೆ ಫೋಟೊ ತರಬೇಕು. ನಮ್ಮ ಈ ಪುರವಣಿ ಬರುವುದು ಭಾನುವಾರ.

ನಮ್ಮ ಫೋಟೊಗ್ರಾಫರ್ ಅವರನ್ನು ಗೋಲಿನ ಮುಂದೆ, ನಟ್ಟನಡುವೆ ನಿಲ್ಲಿಸುತ್ತಾನೆ. ಕ್ಯಾಮೆರಾ ಎತ್ತುವಷ್ಟರಲ್ಲಿ ಅವರು ಎರಡು ಹೆಜ್ಜೆ ಪಕ್ಕಕ್ಕೆ. ಮತ್ತೆ ಕರೆತಂದರೆ ಮತ್ತೆ ನಾಲ್ಕು ಹೆಜ್ಜೆ. ಮೂರನೇ ಸಲ ನೋಡಿದರೆ ಆಸಾಮಿ ಬಾವುಟದ ಪಕ್ಕದಲ್ಲೇ! "ಅಭ್ಯಾಸ ಸಾರ್, ಕಾಲು ಕೇಳಲ್ಲ," ಎಂದು ನಾಚುತ್ತಾರೆ. ಫೋಟೊಗ್ರಾಫರ್ ಸೋತು, "ಅಲ್ಲೇ ಓಡಿ" ಎನ್ನುತ್ತಾನೆ. ಅವರು ಓಡುತ್ತಾರೆ, ಕ್ಯಾಮೆರಾ ಕ್ಲಿಕ್ ಎನ್ನುತ್ತದೆ. ಚಿತ್ರದ ನಡುವೆ ಖಾಲಿ ಗೋಲು, ಬಲತುದಿಯಲ್ಲಿ ತಲೆಯಿಂದ ಲೇಸಿನವರೆಗೆ ಪೂರ್ತಿ ಅವರು.

ಹೊರಡುವಾಗ ಅವರು ಗೇಟಿನವರೆಗೆ ಬರುತ್ತಾರೆ, ಗೋಡೆಯಂಚಿನಲ್ಲೇ.

"ಒಂದೇ ಒಂದು ಕೋರಿಕೆ ಸಾರ್. ಜಾಗ ಸಾಲ್ದಿದ್ರೆ ನಾನು ಹೇಳಿದ್ದನ್ನೆಲ್ಲ ತೆಗೆದುಹಾಕಿ, ಬೇಜಾರಿಲ್ಲ. ಫೋಟೊದ ಅಂಚು ಮಾತ್ರ ಕತ್ತರಿಸ್ಬೇಡಿ."